ಸ್ನಾಯುವಿನ ಮೇಲೋ ಕೆಳಗೋ

ಕೊಳ್ಳೇಗಾಲದ ಕುಸುಮ ರೇಷ್ಮೆ ಸೀರೆ ನೇಯುವವಳು. ಅವಳ ಎದೆ ಬಲಗಡೆ ಬೆಳೆದೇ ಇರಲಿಲ್ಲ. ಹುಡುಗಿಯಾಗಿದ್ದಾಗಿನಿಂದಲೂ ಮಗ್ಗದಲ್ಲಿ ಉಳಿದ ಎಳೆಗಳನ್ನು ಉಂಡೆ ಮಾಡಿ ಆ ಕಡೆ ರವಿಕೆಯೊಳಗೆ ತುಂಬಿಕೊಳ್ಳುತ್ತಿದ್ದಳು. ಉಳ್ಳವರಿಗೆ ರೇಷ್ಮೆ ಮೈಮೇಲೆ, ಇವಳಿಗೆ ಒಳಗೆ. ಬಲಗೈ ಲಾಳಿಯ ಹಗ್ಗ ಎಳೆದಾಗಲೆಲ್ಲ ಉಂಡೆ ಜಾರುತ್ತಿತ್ತು. ನೂಲು ಬಡಿಯುವ ಹಲಗೆಯನ್ನು ಬಿಟ್ಟು ಎಡಗೈ ಅದನ್ನು ಮೇಲಕ್ಕೆ ತಳ್ಳುತ್ತಿತ್ತು. ಕುಸುಮಳಿಗೆ ಇದು ಸಾಕಾಗಿ ಹೋಗಿತ್ತು.

ಅಕ್ಕ ಲಕ್ಷ್ಮಿದೇವಿಯನ್ನು ಕರೆದುಕೊಂಡು ಮೈಸೂರಿನ ಡಾಕ್ಟರ ಬಳಿ ಹೋದಳು. ಇಂಪ್ಲಾಂಟ್, ಅಂದರೆ ಎದೆ ತುಂಬಿಸುವ ಮೆತ್ತನೆಯ ಸಿಲಿಕೋನ್ ಚೀಲ, ಇಡಲು ಎರಡು ಜಾಗ ಎಂದರು ಅವರು. ಎದೆಯ ಸ್ನಾಯುವಿನ ಮೇಲಿಟ್ಟರೆ, ಇಷ್ಟು ತೆಳ್ಳಗಿರುವವರಿಗೆ ಅಂಚು ಕಾಣಬಹುದು. ಕೆಳಗಿಟ್ಟರೆ ಅಂಚು ಮುಚ್ಚಿಹೋಗುತ್ತದೆ, ಆದರೆ ತೋಳಿಗೆ ಬಲ ಹಾಕಿದಾಗ ಅಲುಗಬಹುದು.

“ತೋಳಿನ ವ್ಯಾಯಾಮ, ಜಿಮ್ಮು ಏನಾದರೂ ಮಾಡ್ತೀರಾ?”

“ಅಯ್ಯೋ, ಇಲ್ಲ ಸಾ,” ಎಂದು ಕುಸುಮ ನಕ್ಕಳು.

ಹಾಗಾದರೆ ಕೆಳಗೇ ಇಡೋಣ ಎಂದರು ಡಾಕ್ಟರು. ಮಗ್ಗದ ಮಾತು ಅಕ್ಕತಂಗಿಯರಿಬ್ಬರಿಗೂ ಹೊಳೆಯಲಿಲ್ಲ. ಹೊಟ್ಟೆಪಾಡನ್ನು ವ್ಯಾಯಾಮ ಎಂದು ನಮ್ಮ ಕಡೆ ಯಾರು ಕರೆಯುತ್ತಾರೆ?

ಮಾರನೆಯ ದಿನ ಮಗ್ಗದಲ್ಲಿ ಉಂಡೆ ಜಾರಿತು, ಎಡಗೈ ಎದೆಗೆ ಹೋಯಿತು. ಬಲಗೈ ಇನ್ನೂ ಹಗ್ಗ ಎಳೆಯುತ್ತಲೇ ಇತ್ತು. ಅಂಗೈಯಡಿ ಎದೆಯ ಸ್ನಾಯು ಗಟ್ಟಿಯಾಗಿ ಬಿಗಿಯಿತು. ಮತ್ತೆ ಎಳೆದಳು, ಮತ್ತೆ ಬಿಗಿಯಿತು. ಅವಳಿಗೆ ಹೆದರಿಕೆಯಾಯಿತು.

“ಅಕ್ಕಾ, ಇದ್ರ ಕೆಳಗೆ ಮಡಗಿದ್ರೆ ಅದೂ ದಿನೆಲ್ಲಾ ಕುಣೀತದೆ ಕಣಕ್ಕ.”

“ಮೇಲೆ ಮಡಗಿದ್ರೆ ಅಂಚು ಕಾಣ್ತದಂತಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರ್ದಂಗೆ ಮಾಡ್ಕಬ್ಯಾಡ, ಸುಮ್ಕಿರು.”

“ಕಂಡ್ರೆ ನೀರು ಉಯ್ಕಳಾಗ ನಂಗೊಬ್ಳಿಗೆ ಕಾಣ್ತದೆ. ಮಗ್ಗದಲ್ಲಿ ಕುಂತಾಗ ಅದು ನೆಪ್ಪಿಗೇ ಬರ್ಬಾರ್ದು ನಂಗೆ.”

ಫೋನಿನಲ್ಲಿ ಮಗ್ಗದ ವಿಷಯ ಕೇಳಿ ಡಾಕ್ಟರು, ಮೊದಲೇ ಹೇಳಬಾರದಿತ್ತೇ ಎಂದು ರೇಗಿದರು. ಅಂಚಿನ ವಿಷಯ ಇನ್ನೊಮ್ಮೆ ವಿವರಿಸಿ, ಒಪ್ಪಿಗೆಯೇ ಎಂದು ಕೇಳಿದರು.

“ಒಪ್ಗೆ ಸಾ. ಮೇಲೇ ಮಡಗಿ.”

ಆಪರೇಷನ್ ಆಗಿ, ಗಾಯ ಮಾಯ್ದು, ಡಾಕ್ಟರು ಹೂಂ ಎಂದ ಮೇಲೆ ಕುಸುಮ ಮಗ್ಗಕ್ಕೆ ಕೂತಳು. ಅಂಚು ಒಂದು ಕಡೆ ತುಸು ಕಾಣುತ್ತಿತ್ತು, ನಿಜ. ಹಗ್ಗ ಎಳೆದಳು, ಲಾಳಿ ಓಡಿತು. ಎಡಗೈ ಅಭ್ಯಾಸಬಲದಿಂದ ಹಲಗೆ ಬಿಟ್ಟು ಎದೆಗೆ ಹೋಯಿತು. ಅಲ್ಲಿ ಸರಿಮಾಡಲು ಏನೂ ಇರಲಿಲ್ಲ. ಕೈ ಹಾಗೇ ನಿಂತಿತು.

“ಯಾಕ್ಲೇ, ನೋಯ್ತದಾ?” ಎಂದಳು ಅಕ್ಕ.

ಇಲ್ಲವೆಂದು ತಲೆಯಾಡಿಸಿ ಕುಸುಮ ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಎಡಗೈಯನ್ನು ಹಲಗೆಯ ಮೇಲೆ ವಾಪಸ್ಸು ಇಟ್ಟಳು.