ಹೂಂಗುಟ್ಟಪ್ಪ

ಕೊಡಿಗೇಹಳ್ಳಿಯ ಬಾಲರಾಜು ಅವರ ಆಫೀಸಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಒಂದೇ. ವಾಟ್ಸಾಪ್ ಗ್ರೂಪಿನಲ್ಲಿ ಅಣ್ಣ ಏನೇ ಹಾಕಲಿ, ಕೂಡಲೇ ಉತ್ತರ ಹೋಗಬೇಕು. ಕೆಲಸ ತಡವಾದರೆ ಒಂದೆರಡು ಬೈಗುಳದಲ್ಲಿ ಮುಗಿಯುತ್ತಿತ್ತು. ಉತ್ತರ ತಡವಾದರೆ ಫೋನೇ ಬರುತ್ತಿತ್ತು, ಆ ಫೋನನ್ನು ಕಿವಿಗೆ ಇಟ್ಟುಕೊಳ್ಳುವ ಅಗತ್ಯವೂ ಇರಲಿಲ್ಲ, ಪಕ್ಕದ ಮೇಜಿನವರಿಗೂ ಚೆನ್ನಾಗಿ ಕೇಳಿಸುತ್ತಿತ್ತು.

"ಬದುಕಿದ್ದೀರೇನ್ರೋ? ಕೂಗಿದ್ರೆ ಓಗೊಡಕ್ಕೆ ಏನ್ರೋ ಕಷ್ಟ?"

ಬಾಲರಾಜು ಬಾವಿ ಕಂಡ ಮನುಷ್ಯ. ಈಗ ಅವರ ಪಿ.ಜಿ. ಕಟ್ಟಡಗಳು ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ಅವರ ಅಪ್ಪ ದ್ರಾಕ್ಷಿ ಬೆಳೆಯುತ್ತಿದ್ದರು. ಬಾವಿಗೆ ಇಳಿದವನು ಕೆಳಗಿಂದ ಕೂಗಿದರೆ ಮೇಲೆ ಹಗ್ಗ ಹಿಡಿದವನು ತಪ್ಪದೆ ಓಗೊಡಬೇಕು, ಇಲ್ಲದಿದ್ದರೆ ಇಳಿದವನು ಒಂದು ಹೆಜ್ಜೆ ಮುಂದಿಡುವ ಹಾಗಿಲ್ಲ. ಬಾವಿಗಳೆಲ್ಲ ಮುಚ್ಚಿದ ಮೇಲೂ ಆ ಪದ್ಧತಿ ಮಾತ್ರ ಅವರ ಜೊತೆ ಆಫೀಸಿಗೆ ಬಂದು ಕೂತಿತ್ತು.

ಸೋಮನಾಥನಿಗೆ ಇದು ಶುದ್ಧ ಕಿರಿಕಿರಿ. ಇಳಕಲ್ ಕಡೆಯ ಹುಡುಗ, ಪಿ.ಜಿ.ಗಳ ವೈಫೈ, ಕ್ಯಾಮೆರಾ, ಆಫೀಸಿನ ಕಂಪ್ಯೂಟರು ಎಲ್ಲ ಅವನದೇ ಜವಾಬ್ದಾರಿ. ಅವನ ನಿಜವಾದ ಸಂಸಾರ ಇದ್ದದ್ದು ಹತ್ತಿರದ ಸಿಂಗಾಪುರ ಬಡಾವಣೆಯ ಬಾಡಿಗೆ ರೂಮಿನಲ್ಲಿ: ಹಳೇ ಲ್ಯಾಪ್‌ಟಾಪುಗಳು, ಬಿಚ್ಚಿಟ್ಟ ಬೋರ್ಡುಗಳು, ಕರೆಂಟ್ ಹೋದರೂ ಅವೆಲ್ಲವನ್ನೂ ನಡೆಸುವ ಒಂದು ದೊಡ್ಡ ಯುಪಿಎಸ್. ಮುಖ ನೋಡದ ಆನ್‌ಲೈನ್ ಗೆಳೆಯರೊಡನೆ ಗಂಟೆಗಟ್ಟಲೆ ಹರಟುತ್ತಿದ್ದವನಿಗೆ, ಕಣ್ಣೆದುರಿನ ಯಜಮಾನನಿಗೆ "ಸರಿ ಅಣ್ಣ" ಎಂದು ಬರೆಯಲು ಬೇಜಾರು. ಬೇಜಾರಾದರೆ ಕಂಪ್ಯೂಟರ್ ಬಲ್ಲವರು ಏನು ಮಾಡುತ್ತಾರೋ ಅದನ್ನೇ ಅವನೂ ಮಾಡಿದ. ಗ್ರೂಪಿಗೆ ತನ್ನ ಹೆಸರಿನಲ್ಲಿ ತಾನಾಗಿಯೇ ಉತ್ತರ ಕೊಡುವ ಒಂದು ಬಾಟ್ ಬರೆದು, ಹಳೇ ಲ್ಯಾಪ್‌ಟಾಪಿನಲ್ಲಿ ಓಡಲು ಬಿಟ್ಟ. ಅಣ್ಣನಿಗೆ ಅನುಮಾನ ಬರಬಾರದೆಂದು ಒಂದೆರಡು ಸೆಕೆಂಡು ತಡೆದು ಉತ್ತರಿಸುವುದನ್ನೂ ಅದಕ್ಕೆ ಕಲಿಸಿದ.

ಗುಟ್ಟು ಮೊದಲು ಗೊತ್ತಾದದ್ದು ಲೆಕ್ಕ ನೋಡಿಕೊಳ್ಳುವ ಮಂಜುಶ್ರೀಗೆ. "ಸೋಮು, ನಂಗೂ ಒಂದು ಹಾಕ್ಕೊಡೋ, ಪ್ಲೀಸ್ ಕಣೋ," ಎಂದು ಫೋನ್ ಮುಂದಿಟ್ಟಳು. ಆಮೇಲೆ ಎಲೆಕ್ಟ್ರಿಷಿಯನ್ ನರೇಂದ್ರ ಬಂದ. ಒಬ್ಬೊಬ್ಬರದೇ ಹಳೇ ಮೆಸೇಜುಗಳನ್ನು ತಿನ್ನಿಸಿ, ಅವರವರ ಧಾಟಿಯಲ್ಲೇ ಬರೆಯುವಂತೆ ಸೋಮನಾಥ ಅದನ್ನು ಪಳಗಿಸಿದ. ಕತೆ ಹೇಳುವಾಗ ಹೂಂಗುಟ್ಟುವವರಂತೆ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ ಅದಕ್ಕೆ ಮಂಜುಶ್ರೀಯೇ ಹೂಂಗುಟ್ಟಪ್ಪ ಎಂದು ನಾಮಕರಣ ಮಾಡಿದಳು.

ಶುರುವಿನಲ್ಲಿ ಅದು ಮಾಡಿದ ಅವಾಂತರಗಳಿಗೆ ಆಫೀಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಣ್ಣನ ದೊಡ್ಡಪ್ಪ ತೀರಿಕೊಂಡ ಸುದ್ದಿಗೆ ಮಂಜುಶ್ರೀ ಹೆಸರಿನಲ್ಲಿ "ಆಯ್ತು ಅಣ್ಣ, ಇವತ್ತೇ ಮುಗಿಸ್ತೀನಿ" ಎಂದು ಹೋಯಿತು. ಸೋಮನಾಥ ರಾತ್ರೋರಾತ್ರಿ ತಿದ್ದಿದ. ಇನ್ನೊಮ್ಮೆ ನರೇಂದ್ರನ ಹೆಸರಿನಲ್ಲಿ "ನೋಡಿ ಹೇಳ್ತೀನಿ ಅಣ್ಣ" ಎಂದು ಹೋಗಿ, "ಇನ್ನೂ ನೋಡೇ ಇಲ್ವೇನೋ ನೀನು?" ಎಂದು ಅಣ್ಣ ಫೋನಿನಲ್ಲಿ ಜನ್ಮ ಜಾಲಾಡಿದರು. ನರೇಂದ್ರ ಓಡಿಬಂದ.

"ಗುರು, ಮಾಡಿದ್ಯಾ ಅಂತ ಕೇಳಿದ್ರೆ ಮಾಡಿದೀನಿ ಅಂತ್ಲೇ ಹೇಳ್ಸು. ನಾನು ಹೆಂಗಿದ್ರೂ ಮಾಡೇ ಮಾಡ್ತೀನಲ್ಲ?"

ಮಾಡಿಯೇ ಮಾಡುತ್ತಿದ್ದ, ಅದು ಸುಳ್ಳಲ್ಲ. ಸೋಮನಾಥ ಹಾಗೆಯೇ ಕಲಿಸಿದ. ಯಾರ ಮೆಸೇಜು ಬಂದರೂ ಉತ್ತರಿಸುವ ಹಾಗೂ ಮಾಡಿದ.

ಬಾಲರಾಜು ಮೊದಲ ಬಾರಿಗೆ ಆಫೀಸಿಗೆ ಬಾದಾಮ್ ಹಾಲು ತರಿಸಿದರು. "ಈಗ ನೋಡ್ರಪ್ಪ, ಡಿಸಿಪ್ಲಿನ್ ಅಂದ್ರೆ ಇದು. ಕೂಗಿದ್ ತಕ್ಷಣ ಎಲ್ರೂ ಇದೀರ," ಎಂದರು. ಆ ಖುಷಿಯನ್ನು ಸೋಮನಾಥನಿಗೆ ನೋಡಲಾಗಲಿಲ್ಲ. ಹಾಲು ಮಾತ್ರ ಕುಡಿದ.

ಅಣ್ಣನ ಮಗ ಗೋಪಿ ಬಂದದ್ದು ಅದಾದ ಮೇಲೆ. "ಮಗಾ, ಅಪ್ಪನ ಫೋನಿಗೂ ಹಾಕ್ಬಿಡು. ನೆಂಟರೆಲ್ಲ ಗುಡ್ ಮಾರ್ನಿಂಗ್ ಕಳಿಸ್ತಾರೆ, ಅಪ್ಪ ನೋಡಲ್ಲ, ಅವರು ಮುನಿಸ್ಕೊಂಡು ನನ್ ಪ್ರಾಣ ತಿಂತಾರೆ." ಬಾಲರಾಜು ಊಟಕ್ಕೆ ಕೂತಿದ್ದಾಗ ಗೋಪಿಯೇ ಫೋನ್ ತಂದುಕೊಟ್ಟ. ಬೇಡ ಅನ್ನಬೇಕೆಂದು ಸೋಮನಾಥನಿಗೆ ಅನ್ನಿಸಿತು. ಯಜಮಾನರ ಮಗನಿಗೆ ಬೇಡ ಅನ್ನುವುದು ಹೇಗೆ? ಜೋಡಿಸಿಕೊಟ್ಟ.

ಆಮೇಲಿಂದ ಅವನಿಗೆ ಅಳುಕು ಶುರುವಾಯಿತು. ಒಂದು ದಿನ ಬಾಲರಾಜು, "ಸೋಮು, ಟೆರೇಸ್ ಕ್ಯಾಮೆರಾ ಬದಲಾಯಿಸ್ತೀನಿ ಅಂದಿದ್ದೆಯಲ್ಲ, ಏನಾಯ್ತು?" ಎಂದು ಕೇಳಿದರು. ಅವನು ಅಂದಿರಲಿಲ್ಲ. ಗ್ರೂಪಿನಲ್ಲಿ ಹಿಂದಕ್ಕೆ ಹೋಗಿ ನೋಡಿದರೆ ಅವನದೇ ಹೆಸರು, ಅವನದೇ ಮಾತಿನ ಧಾಟಿ, ಊರ ಕಡೆಯ "ರಿ" ಕೂಡ ಬಿಟ್ಟಿರಲಿಲ್ಲ. ಇನ್ನೂ ಹಿಂದಕ್ಕೆ ಹೋದ. ಯಾವುದನ್ನು ತಾನು ಬರೆದೆ, ಯಾವುದನ್ನು ಅದು ಬರೆಯಿತು ಎಂದು ಅವನಿಗೇ ಹೇಳಲಾಗಲಿಲ್ಲ. ನಿಲ್ಲಿಸಿಬಿಡೋಣವೇ ಎಂದು ಯೋಚಿಸಿದ. ನಿಲ್ಲಿಸಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ ಎಂದು ಹೆದರಿ ಸುಮ್ಮನಾದ.

ಅದೇ ವಾರ ಎರಡನೇ ಪಿ.ಜಿ.ಯ ಹುಡುಗರು ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ದೂರಿದರು. ಅಣ್ಣ ಅದನ್ನು ಗ್ರೂಪಿಗೆ ಹಾಕಿದರು. "ನೋಡ್ತೀನಿ ಅಣ್ಣ" ಎಂದಿತು ನರೇಂದ್ರನ ಹೆಸರು. ಮತ್ತೆ ದೂರು ಬಂತು. ಮತ್ತೆ "ನೋಡಿದೀನಿ ಅಣ್ಣ."

ಶುಕ್ರವಾರ ಬೆಳಿಗ್ಗೆ ಕೊಡಿಗೇಹಳ್ಳಿಯಲ್ಲಿ ಕರೆಂಟ್ ಇರಲಿಲ್ಲ. ಸೋಮನಾಥ ರೂಟರ್ ರಿಪೇರಿಗೆಂದು ಯಶವಂತಪುರಕ್ಕೆ ಹೋಗಿದ್ದ. ಅಂಗಡಿಯಲ್ಲಿ ಕಾಯುತ್ತ ಫೋನ್ ನೋಡಿದರೆ ಗ್ರೂಪಿನಲ್ಲಿ ಅಣ್ಣನ ಮೆಸೇಜು ಬಂದಿತ್ತು.

"ನರೇಂದ್ರ, ಸೆಕೆಂಡ್ ಪಿ.ಜಿ. ಸಂಪ್ ಮೋಟರ್ ಫ್ಯೂಸ್ ಕಿತ್ತಿದೀಯಾ? ನೀರು ಖಾಲಿ ಮಾಡ್ಸಿದೀನಿ, ವೈರ್ ನೋಡಕ್ಕೆ ಇಳೀತಿದೀನಿ."

ಅದರ ಕೆಳಗೇ ನರೇಂದ್ರ: "ಹ್ಞೂಂ ಅಣ್ಣ, ಕಿತ್ತಿದೀನಿ."

ನರೇಂದ್ರ ಹಿಂದಿನ ಸಂಜೆಯೇ ತುಮಕೂರಿನ ಗೃಹಪ್ರವೇಶಕ್ಕೆ ಹೋಗಿದ್ದ, ಅಣ್ಣನಿಗೆ ಹೇಳದೆ. ಹೂಂಗುಟ್ಟಪ್ಪ ಇರುವಾಗ ರಜೆ ಯಾಕೆ ಕೇಳಬೇಕು? ಸೋಮನಾಥ ಅವನಿಗೆ ಫೋನ್ ಮಾಡಿದ. ಹಿಂದೆ ವಾದ್ಯದ ಸದ್ದು ಕೇಳಿಸಿತು.

"ನರೇಂದ್ರ, ಫ್ಯೂಸ್ ಕಿತ್ತೀಯೇನು?"

"ಯಾವ ಫ್ಯೂಸ್ ಗುರು?"

ಅಣ್ಣನಿಗೆ ಫೋನ್ ಮಾಡಿದ. ಪೂರ್ತಿ ಹೊಡೆದುಕೊಂಡು ನಿಂತಿತು. ಇನ್ನೊಮ್ಮೆ ಮಾಡಿದ, ಎತ್ತಲಿಲ್ಲ. ಬಾವಿಯಾಗಲಿ, ನೆಲದಡಿಯ ನೀರಿನ ಸಂಪಾಗಲಿ, ಕೆಲಸದವರನ್ನು ಮೊದಲು ಇಳಿಸುವ ಪೈಕಿಯಲ್ಲ ಬಾಲರಾಜು. ಬಾಯಿ ಎಷ್ಟೇ ಜೋರಿರಲಿ, ಫೋನನ್ನು ಕಾರಿನಲ್ಲಿಟ್ಟು ಮೊದಲು ತಾವೇ ಇಳಿಯುತ್ತಿದ್ದರು. ಕರೆಂಟ್ ಇಲ್ಲದಷ್ಟು ಹೊತ್ತು ಅವರಿಗೆ ಏನೂ ಆಗದು. ಬಂದರೆ? ಸೋಮನಾಥ ಗ್ರೂಪಿಗೆ ಬರೆದ: "ಅಣ್ಣಾ ಇಳೀಬ್ಯಾಡ್ರಿ. ಫ್ಯೂಸ್ ಕಿತ್ತಿಲ್ಲ. ಯಾರಾದ್ರೂ ಹೋಗಿ ಹೇಳ್ರಿ."

ಉತ್ತರಗಳು ಸಾಲಾಗಿ ಬಂದವು. ಮಂಜುಶ್ರೀ, "ಸರಿ ಸೋಮು, ಹೇಳ್ತೀನಿ." ನರೇಂದ್ರ, "ಆಯ್ತು ಗುರು, ನೋಡ್ಕೋತೀನಿ." ಕೊನೆಗೆ ಬಾಲರಾಜು ಅವರ ಹೆಸರು ಮೂಡಿತು.

"ಸರಿ ಸೋಮು. ಇಳಿಯಲ್ಲ."

ಅವನು "ಅಬ್ಬಾ" ಎಂದು ಅಂಗಡಿಯ ಸ್ಟೂಲಿನ ಮೇಲೆ ಕುಸಿದ. ಅಂಗಡಿಯವನು ಕೊಟ್ಟ ನೀರು ಕುಡಿದ. ಸಂಜೆ ಅಣ್ಣನ ಕಾಲು ಹಿಡಿದು ಎಲ್ಲ ಹೇಳಿಬಿಡಬೇಕು, ಬೈದರೆ ಬೈಯಲಿ, ಕೆಲಸದಿಂದ ತೆಗೆದರೆ ತೆಗೆಯಲಿ ಎಂದುಕೊಂಡ. ಲೋಟ ಕೆಳಗಿಡುತ್ತಿದ್ದಾಗ ತಲೆಯೊಳಗೆ ಏನೋ ಚಕ್ಕನೆ ಹೊಳೆಯಿತು. ಬಾಲರಾಜು ಅವರ ಫೋನನ್ನೂ ಅವನು ಜೋಡಿಸಿದ್ದ.

ಮಂಜುಶ್ರೀಗೆ ಫೋನ್ ಮಾಡಿ ಕಿರುಚಿದ. "ಮಂಜು, ಸೆಕೆಂಡ್ ಪಿ.ಜಿ.ಗೆ ಓಡು! ಅಣ್ಣ ಸಂಪ್‌ನ್ಯಾಗ ಅದಾರ!"

"ಇರು, ನೋಡ್ತೀನಿ... ಅಣ್ಣನೇ ಹಾಕಿದಾರಲ್ಲೋ, ಇಳಿಯಲ್ಲ ಅಂತ?"

"ಅದು ಅಣ್ಣ ಅಲ್ಲ!"

"ಮತ್ತೆ ಯಾರೋ?"

"ಓಡು ಮೊದ್ಲು!"

ಅವಳ ಚಪ್ಪಲಿ ಸದ್ದು ಕೇಳಿತು, ಫೋನ್ ಕಟ್ಟಾಯಿತು. ಸೋಮನಾಥ ಬೈಕ್ ಹತ್ತಿದ. ಬಿಇಎಲ್ ಸರ್ಕಲ್ಲಿನಲ್ಲಿ ಸಿಗ್ನಲ್ ಹಾರಿಸಿದ, ಯಾರೋ ಬೈದರು. ಭದ್ರಪ್ಪ ಲೇಔಟಿನ ಹತ್ತಿರ ಬಂದಾಗಲೂ ಅಂಗಡಿಗಳೊಳಗೆ ಕತ್ತಲೆಯೇ ಇತ್ತು, ದೇವರೇ ಹೀಗೇ ಇರಲಿ ಎಂದು ಬೇಡಿಕೊಂಡ. ಕೊಡಿಗೇಹಳ್ಳಿಯ ಮುಖ್ಯರಸ್ತೆಗೆ ತಿರುಗಿದ್ದೇ ತಡ, ಜ್ಯೂಸ್ ಅಂಗಡಿಯ ಮಿಕ್ಸರ್ ಗರ್ರೆಂದಿತು. ಪಕ್ಕದ ಜೆರಾಕ್ಸ್ ಅಂಗಡಿಯ ಬೋರ್ಡು ಬೆಳಗಿತು. ಬೀದಿಯುದ್ದಕ್ಕೂ ಒಂದೊಂದಾಗಿ ಎಲ್ಲ ಹೊತ್ತಿಕೊಂಡವು.

ಅವನು ತಲುಪಿದಾಗ ಮಂಜುಶ್ರೀ ಗೇಟಿನ ಹತ್ತಿರ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಸಂಪಿನ ಅಂಚಿನಲ್ಲಿ ಅಣ್ಣನ ಮನೆಯ ಹಳೇ ಆಳು ಚಿಕ್ಕಮುನಿಯಪ್ಪ ಹಗ್ಗ ಹಿಡಿದುಕೊಂಡೇ ಇದ್ದ. "ಅಣ್ಣಯ್ಯ, ಅಣ್ಣಯ್ಯ," ಎಂದು ಕೆಳಕ್ಕೆ ಕೂಗುತ್ತಿದ್ದ. ಕೆಳಗಿಂದ ಉತ್ತರವಿರಲಿಲ್ಲ.

ಆ ರಾತ್ರಿ ಗೋಪಿ ಸೋಮನಾಥನನ್ನು ಕಾರಿನೊಳಗೆ ಕೂರಿಸಿಕೊಂಡ. ಅತ್ತು ಅತ್ತು ಅವನ ಮುಖ ಊದಿತ್ತು. "ಎಲ್ಲಾ ಅಳಿಸ್ಬಿಡು ಮಗಾ. ಒಂದೂ ಉಳೀಬಾರ್ದು. ಅಪ್ಪನ ಫೋನಿಗೆ ನಾನೇ ಹಾಕ್ಸಿದ್ದು ಅಂತ ಗೊತ್ತಾದ್ರೆ ಅಮ್ಮ ನನ್ ಮುಖ ನೋಡಲ್ಲ. ನಿನ್ನೂ ಒಳಗ್ ಹಾಕ್ತಾರೆ." ಸೋಮನಾಥ ರೂಮಿಗೆ ಹೋಗಿ ಎಲ್ಲವನ್ನೂ ಅಳಿಸಿದ. ಹೆದರಿ ಅಳಿಸಿದ, ಅದಕ್ಕೆ ಬೇರೆ ಹೆಸರಿಲ್ಲ. ನರೇಂದ್ರನ ಫೋನು ಆ ಹೊತ್ತಿಗಾಗಲೇ ಸ್ವಿಚ್ ಆಫ್ ಆಗಿತ್ತು, ಮಂಜುಶ್ರೀಯೂ ಹೆದರಿ ಬಾಯಿ ಬಿಡಲಿಲ್ಲ.

ಆದರೆ ಫೋನುಗಳಿಗೆ ಹೋದ ಮೆಸೇಜುಗಳು ಹಾಗೆಯೇ ಇದ್ದವು. ಪೊಲೀಸರು ಅವನ್ನು ಓದಿದರು, ನೆಂಟರು ಓದಿದರು. ಕಿತ್ತಿಲ್ಲ ಅಂದ ಸೋಮನಾಥ ಆಗ ಇದ್ದದ್ದು ಯಶವಂತಪುರದಲ್ಲಿ, ಅವನಿಗೇನು ಗೊತ್ತು? ಫ್ಯೂಸ್ ಕಿತ್ತಿದೀನಿ ಅಂತ ಎಲೆಕ್ಟ್ರಿಷಿಯನ್ನೇ ಹೇಳಿದ್ದಾನೆ. ಹಾಗಾದರೆ ಮತ್ತೆ ಹಾಕಿದವರು ಯಾರು? ಇಳಿಯಲ್ಲ ಅಂತ ಬಾಲರಾಜೇ ಬರೆದಿದ್ದಾರೆ. ಹಾಗಾದರೆ ಒಳಗೆ ಹೋದದ್ದು ಹೇಗೆ? ಅಲ್ಲಿದ್ದವನು ಒಬ್ಬನೇ. ವಾರದ ಹಿಂದೆ ಎಲ್ಲರೆದುರು ಅಣ್ಣನಿಂದ ಬೈಸಿಕೊಂಡಿದ್ದ ಚಿಕ್ಕಮುನಿಯಪ್ಪ. ಅವನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದವರು ವಾಪಸ್ಸು ಕಳಿಸಲಿಲ್ಲ.

ಮೂರನೇ ದಿನದ ಹಾಲುತುಪ್ಪದ ಕಾರ್ಯ ಮುಗಿದ ಮಧ್ಯಾಹ್ನ ಬಾಲರಾಜು ಅವರ ಹೆಂಡತಿ ಲಕ್ಷ್ಮಿದೇವಮ್ಮ ಸೋಮನಾಥನಿಗೆ ಹೇಳಿಕಳಿಸಿದರು. ಗಂಡನ ಫೋನ್ ಮಡಿಲಲ್ಲಿಟ್ಟುಕೊಂಡು ನಡುಮನೆಯಲ್ಲಿ ಕೂತಿದ್ದರು. ಬಾಗಿಲಲ್ಲಿ ಗೋಪಿ ನಿಂತಿದ್ದ.

"ಬಾಪ್ಪ, ಕೂತ್ಕೋ. ಇದೆಲ್ಲ ನಿಂಗೆ ಗೊತ್ತಾಯ್ತದೆ ಅಂತಾರೆ. ಚಿಕ್ಕಮುನಿಯ ಈ ಮನೆ ಉಪ್ಪು ತಿಂದೋನು. ಅವನು ಇಂಗೆ ಮಾಡ್ತಾನೆ ಅಂತ ನನ್ ಮನಸ್ಸು ಒಪ್ತಿಲ್ಲ. ಆದ್ರೆ ಇವ್ರು ಇಳಿಯಲ್ಲ ಅಂತ ಬರ್ದವ್ರಲ್ಲ? ಇಳಿಯಲ್ಲ ಅಂದೋರ್ನ ಯಾರಪ್ಪ ಇಳಿಸಿದ್ದು?"

ಗೋಪಿ ಕಣ್ಣಲ್ಲೇ ಬೇಡ ಎಂದ. ಸೋಮನಾಥ ನೆಲ ನೋಡಿದ. ಒಂದು ಸಲ ಸುಮ್ಮನಿದ್ದುಬಿಟ್ಟರೆ ಅವನು ಬಚಾವು. ಒಳಗಿದ್ದ ಮುದುಕ ಒಳಗೇ.

"ಅದನ್ನ ಬರದಿದ್ದು ಅಣ್ಣ ಅಲ್ರೀ ಅಮ್ಮಾರ. ನಾನು ಮಾಡಿದ್ ಮಷೀನು. ನರೇಂದ್ರನ ಮಾತೂ ಅದರದ. ಅಣ್ಣ ಆಗ್ಲೇ ಇಳದಿದ್ರು, ಅವ್ರಿಗೆ ನನ್ನ ಮೆಸೇಜು ಮುಟ್ಟೇ ಇಲ್ಲ. ಚಿಕ್ಕಮುನಿಯಪ್ಪಂದು ಏನೂ ತಪ್ಪಿಲ್ಲ. ಪೊಲೀಸರ ಮುಂದೂ ಇದನ್ನ ಹೇಳ್ತೀನ್ರಿ."

ಗೋಪಿ ಬಾಗಿಲ ಚೌಕಟ್ಟಿಗೆ ಒರಗಿ ಕಣ್ಣು ಮುಚ್ಚಿಕೊಂಡ. ಲಕ್ಷ್ಮಿದೇವಮ್ಮ ಬೈಯಲಿಲ್ಲ, ಅಳಲಿಲ್ಲ. ಅವನ ಮಾತು ಅರ್ಥವಾಯಿತೋ ಇಲ್ಲವೋ ಎಂದು ಅವನು ತಲೆಯೆತ್ತಿದಾಗ ಅವರು ತಮ್ಮ ಸ್ವಂತ ಫೋನನ್ನು ಪಕ್ಕದ ತಲೆದಿಂಬಿನ ಅಡಿಯಿಂದ ತೆಗೆಯುತ್ತಿದ್ದರು. ಬೆರಳಿನಿಂದ ನಿಧಾನಕ್ಕೆ ಮೇಲಕ್ಕೆ ಸರಿಸುತ್ತ ಹೋದರು.

"ಅಂಗಾದ್ರೆ ಇದು?"

ಫೋನನ್ನು ಅವನ ಕಡೆ ತಿರುಗಿಸಿದರು. ಗಂಡನಿಗೆ ಅವರು ಕಳಿಸಿದ್ದು, ಊಟ ಆಯ್ತಾ ಎಂದು. ಅದರ ಕೆಳಗೆ ಬಾಲರಾಜು ಹೆಸರಿನಲ್ಲಿ: "ಆಯ್ತು. ನೀನು ಊಟ ಮಾಡಿದ್ಯಾ? ಮಾತ್ರೆ ಮರೀಬೇಡ." ಮಾರನೇ ದಿನವೂ ಹಾಗೇ, ಅದರ ಮಾರನೇ ದಿನವೂ. ಗೋಪಿ ಫೋನ್ ತಂದುಕೊಟ್ಟ ದಿನದಿಂದ ಒಂದೂ ತಪ್ಪಿರಲಿಲ್ಲ.

"ಮದುವೆ ಆದಾಗಿಂದ ಇವ್ರು ಒಂದ್ ದಿನ ಇಂಗ್ ಕೇಳಿದ್ದಿಲ್ಲ ಕಣಪ್ಪ. ಬಾಯಿ ಜೋರು, ಅಷ್ಟೇ. ವಯಸ್ಸಾಯ್ತು, ಈಗ ಮನಸ್ಸು ಬಂದದೆ ಅಂದ್ಕೊಂಡಿದ್ದೆ. ದಿನಾ ಇದನ್ನ ಓದ್ಕೊಂಡೇ ಮಾತ್ರೆ ನುಂಗ್ತಿದ್ದೆ." ಫೋನನ್ನು ಅವನ ಕೈಗೆ ಕೊಟ್ಟರು. "ಅದೆಲ್ಲ ಮಷೀನೇ ಆಗ್ಲಿ. ಇದನ್ನಾದ್ರೂ ಅವ್ರೇ ಬರ್ದಿದ್ರು ಅನ್ನು."

ಸೋಮನಾಥ ಗೋಪಿಯ ಕಡೆ ನೋಡಿದ. ಗೋಪಿ ಆಗಲೇ ಹೊರಗೆ ಹೋಗಿದ್ದ. ಹೌದು ಅಂದುಬಿಡುವುದು ಎಷ್ಟು ಸುಲಭವಿತ್ತು. ಆ ಒಂದು ಹೌದು ಸೇರಿಕೊಂಡರೆ ತಾನು ಈಗ ಹೇಳಿದ್ದನ್ನೂ ಇನ್ನು ಯಾರೂ ನಂಬಬೇಕಾಗಿಲ್ಲ.

"ಇಲ್ರೀ ಅಮ್ಮಾರ," ಎಂದ.

ಲಕ್ಷ್ಮಿದೇವಮ್ಮ ಫೋನನ್ನು ಅವನ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಅದರ ಗಾಜು ಒರೆಸಿ, ಮತ್ತೆ ತಲೆದಿಂಬಿನ ಅಡಿಗೆ ಇಟ್ಟರು.