ಕಾಗದದ ಮೇಲೆ ಮೆದುಳಿನ ಅಲೆ

ತುಡಿಯಲೂರಿನ ಬೆಳ್ಳಿಯಮ್ಮನ ಮಗಳು ವಳ್ಳಿಯಮ್ಮ ಹೆರಿಗೆಯಾದ ಎರಡು ತಿಂಗಳಿಗೆ ಮಾತು ಬಿಟ್ಟಳು. ಆಮೇಲೆ ಊಟವನ್ನೂ ಬಿಟ್ಟಳು. ಕೂಸು ಅತ್ತರೆ ತಿರುಗಿಯೂ ನೋಡುತ್ತಿರಲಿಲ್ಲ. ತಾಯತ ಕಟ್ಟಿಸಿದರು, ಗುಣ ಕಾಣಲಿಲ್ಲ. ಒಂದು ಮಧ್ಯಾಹ್ನ ಬಾವಿಕಟ್ಟೆ ಹತ್ತಿದ್ದವಳನ್ನು ಗಂಡ ವೆಂಕಟಾಚಲಂ ಮಗ್ಗ ಬಿಟ್ಟು ಓಡಿಬಂದು ಹಿಡಿದೆಳೆದ. ಅಂದೇ ಕೊಯಮತ್ತೂರಿನ ಆಸ್ಪತ್ರೆಗೆ ಸೇರಿಸಿದರು.

ಮಾತ್ರೆಗೆ ಕಾಯುವಷ್ಟು ಸಮಯವಿಲ್ಲ, ಮೆದುಳಿಗೆ ಕರೆಂಟು ಕೊಡುವ ಚಿಕಿತ್ಸೆ ಬೇಕು ಎಂದ ಡಾಕ್ಟರು ಒಪ್ಪಿಗೆ ಪತ್ರ ಮುಂದಿಟ್ಟರು.

“ಕರೆಂಟಾ? ನನ್ ಮಗಳೇನು ಮೋಟರಾ?” ಬೆಳ್ಳಿಯಮ್ಮ ಅಳಿಯನ ಕೈ ಹಿಡಿದಳು. “ಸೈನ್ ಹಾಕ್ಬೇಡಿ ಮಾಪಿಳ್ಳೆ!”

ಅವರ ಬೀದಿಯವಳೇ ಆದ ನರ್ಸ್ ಜಾನಕಿಯಮ್ಮ ಪಕ್ಕದಲ್ಲಿ ಕೂತಳು. “ಬಯಪಡ್ಬೇಡಿ ಅಕ್ಕಾ. ಮೊದ್ಲು ಮದ್ದು ಕೊಟ್ಟು ನಿದ್ದೆ ಮಾಡಿಸ್ತಾರೆ. ನೋವು ತಿಳಿಯಲ್ಲ. ಕರೆಂಟು ಕೆಲವೇ ಸೆಕೆಂಡು, ಅದ್ರಿಂದ ಮೆದುಳಲ್ಲಿ ಏಳೋ ಅಲೆ ಒಂದು ನಿಮಿಷದೊಳಗೆ ನಿಲ್ತದೆ. ತಲೆ ಒಳಗೆ ಏನಾಗ್ತದೆ ಅಂತ ಮಿಷಿನ್ನು ಬರ್ಕೊಂಡೇ ಇರ್ತದೆ.”

“ತಲೆ ಒಳಗಿರೋದ್ನ ಬರೀತದಾ? ಯಾರ ಹತ್ರ ಹೇಳ್ತೀಯ ಜಾನಕಿ!”

“ಡಾಕ್ಟರ್ನ ಕೇಳ್ತೀನಿ. ನೀವೇ ಬಂದು ನೋಡಿ.”

ಒಲ್ಲದ ಮನಸ್ಸಿನಿಂದಲೇ ಬೆಳ್ಳಿಯಮ್ಮ ಹೂಂ ಅಂದಳು. ವೆಂಕಟಾಚಲಂ ಸಹಿ ಹಾಕಿದ.

ಮರುದಿನ ಬೆಳಿಗ್ಗೆ ಬೆಳ್ಳಿಯಮ್ಮ ಬಾಗಿಲ ಬಳಿ ನಿಂತು ನೋಡಿದಳು. ಮದ್ದಿನ ನಿದ್ದೆಯಲ್ಲಿದ್ದ ಮಗಳ ಹಣೆಗೆ ಅಂಟಿಸಿದ ಸಣ್ಣ ತಂತಿಗಳು ಮಿಷಿನ್ನಿಗೆ ಹೋಗಿದ್ದವು. ಉದ್ದನೆಯ ಕಾಗದ ಸರಿಯುತ್ತಿತ್ತು, ಅದರ ಮೇಲೆ ಶಾಯಿ ಮುಳ್ಳುಗಳು ಮೆಲ್ಲಗೆ ಗೆರೆ ಎಳೆಯುತ್ತಿದ್ದವು. ಡಾಕ್ಟರು ಗುಂಡಿ ಒತ್ತಿದರು. ಮಗಳ ಕಾಲ್ಬೆರಳು ಮಾತ್ರ ಅದುರಿತು. ಆದರೆ ಕಾಗದದ ಮೇಲೆ ಗೆರೆಗಳು ಬೆಟ್ಟದ ಸಾಲಿನಂತೆ ಎದ್ದು ಬಿದ್ದು, ಒತ್ತೊತ್ತಾಗಿ ಕುಣಿದವು. ಮುಕ್ಕಾಲು ನಿಮಿಷವಾಗುತ್ತಲೇ ಒಮ್ಮೆಗೇ ಎಲ್ಲ ಸಪಾಟಾಯಿತು. ಬೆಳ್ಳಿಯಮ್ಮ ಬಾಗಿಲು ಬಿಟ್ಟು ಮಿಷಿನ್ನಿನ ಬಳಿಗೆ ಬಂದಳು.

ಮತ್ತೆ ಪುಟ್ಟದೊಂದು ಅಲೆ ಎದ್ದಿತು. ಅದರ ಹಿಂದೆ ಇನ್ನೊಂದು.

“ನೋಡಿದ್ರಾ ಅಕ್ಕಾ? ಕರೆಂಟು ಕೆಲಸ ಮಾಡಿದೆ, ಮೆದುಳು ತನ್ನ ದಾರಿಗೆ ಬರ್ತಾ ಇದೆ,” ಎಂದಳು ಜಾನಕಿಯಮ್ಮ. “ಕೆಲವು ದಿನ ಸ್ವಲ್ಪ ಮರೆವು ಇರಬಹುದು, ಅಷ್ಟೇ.”

ಬೆಳ್ಳಿಯಮ್ಮ ಆ ಕಾಗದವನ್ನು ಬೆರಳ ತುದಿಯಿಂದ ಮುಟ್ಟಿದಳು. ಹೆತ್ತು ಸಾಕಿದ ತಾನೇ ಎಂದೂ ಕಾಣದ್ದು ಕಣ್ಣೆದುರಿಗಿತ್ತು. ತನಗೇ ಅರಿವಿಲ್ಲದೆ ಕೈ ಜೋಡಿಸಿದಳು.

ದಿನ ಬಿಟ್ಟು ದಿನ ಕೊಟ್ಟ ಚಿಕಿತ್ಸೆ ಐದನೇ ಸಲ ಮುಗಿದ ಮರುದಿನ ವಳ್ಳಿಯಮ್ಮ ಬಾಯಿ ತೆರೆದಳು. “ಅಮ್ಮಾ, ಕೂಸೆಲ್ಲಿ? ತಾ ಇಲ್ಲಿ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಾಣಂತಿ ಮಾತು, ಊಟ ಬಿಟ್ಟು ಕೂತರೆ ಅದು ಗಾಳಿ ಸೋಕಿದ್ದಲ್ಲ, ಸೋಂಬೇರಿತನವೂ ಅಲ್ಲ. ಕಾಯಿಲೆ. ಒಬ್ಬಳನ್ನೇ ಬಿಡಬೇಡಿ, ತಡಮಾಡದೆ ಡಾಕ್ಟರ ಬಳಿ ಕರೆದೊಯ್ಯಿರಿ. ಭಯವಾದರೆ ಎಲ್ಲವನ್ನೂ ಬಾಯಿಬಿಟ್ಟು ಕೇಳಿ.