ಬೀಗಿತ್ತಿಯ ಜೊತೆ ಬೆಟ್ಟ ಹತ್ತಿದ್ದು

ಸೊಂಟದ ಹತ್ತಿರ ಏನೋ ಉರುಳಿದ ಹಾಗಾಯಿತು, ಬೆವರಿನ ಹನಿ ಇರಬೇಕು, ಬೆವರೇ ಆಗಿರಲಿ ತಂದೆ ಮಾದಪ್ಪ, ಅಂದುಕೊಳ್ಳುತ್ತಾ ಗುರುಮಲ್ಲಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದು ಸಿಕ್ಕಿಸಿದಳು, ಆದರೆ ಬೆವರಾದರೆ ಒದ್ದೆ ಇರುತ್ತದೆ, ಇದು ಗಟ್ಟಿ, ಸಣ್ಣಗೆ, ಗುಂಡಗೆ — ಸಾಸಿವೆ ಕಾಳೇ, ಇನ್ನೇನು, ಎಡಗಡೆ ರವಿಕೆಯೊಳಗೆ ಅವಳೇ ಕೈಯಾರೆ ಹೊಲಿದಿಟ್ಟುಕೊಂಡ ಚೀಲದಿಂದ ಒಂದೊಂದೇ ಕಾಳು ಕೆಳಗಿಳಿಯುತ್ತಿದೆ. ಆ ಹುಡುಗಿಯ ಪಿನ್ನಿನ ಕೆಲಸ ಇದು, ಬೆಟ್ಟದ ಬುಡದ ಚೆಕ್‌ಪೋಸ್ಟಿನಲ್ಲಿ ಎಲ್ಲರಿಗೂ ರೋಜಾ ಬಣ್ಣದ ರಿಬ್ಬನ್ ಚುಚ್ಚುತ್ತಾ ಬಂದ ಮೈಸೂರಿನ ಹುಡುಗಿ, ಕೊಡವ್ವ ನಾನೇ ಚುಚ್ಕತೀನಿ ಅನ್ನುವಷ್ಟರಲ್ಲಿ ಎಡಗಡೆಗೇ ಒತ್ತಿಬಿಟ್ಟಳು, ಅಯ್ಯೋ ಆಂಟಿ, ಚುಚ್ಚಿಬಿಡ್ತಾ ಅಂತ ನಾಲಿಗೆ ಕಚ್ಚಿಕೊಂಡಳು, ಚುಚ್ಚುವುದಕ್ಕೆ ಅಲ್ಲಿ ಮೈಯೇ ಇಲ್ಲವಲ್ಲ ತಾಯಿ, ಅದನ್ನು ಮೈಸೂರಿನ ಆಸ್ಪತ್ರೆಯಲ್ಲಿ ತೆಗೆದುಹಾಕಿ ಮೂರು ವರ್ಷವಾಯಿತು, ಆದರೂ ಹಾ ಅಂತ ಒಂದು ಸದ್ದು ಮಾಡಬಾರದಿತ್ತೇ, ಮುಖ ಹಿಂಡಬಾರದಿತ್ತೇ, ಅದೂ ಹೊಳೆಯಲಿಲ್ಲ, ಮಂಕುಬೂದಿ ಎರಚಿಸಿಕೊಂಡವರ ಹಾಗೆ ನಿಂತಳು, ಮತ್ತು ಅದನ್ನೆಲ್ಲ ಪಕ್ಕದಲ್ಲಿ ನಿಂತು ಪುಟ್ಟಮ್ಮಣ್ಣಿ ನೋಡಿದಳು.

ಪುಟ್ಟಮ್ಮಣ್ಣಿ, ಗುಂಡ್ಲುಪೇಟೆಯವಳು, ರಘುನಾಥ ಮೇಷ್ಟ್ರ ತಾಯಿ, ಬರುವ ಸೋಮವಾರ ನಿಶ್ಚಿತಾರ್ಥವಾದರೆ ಬೀಗಿತ್ತಿ, ಆಗದಿದ್ದರೆ — ಥೂ, ಬಿಡ್ತು ಅನ್ನು, ಆಗೇ ಆಗುತ್ತದೆ, ಮಗಳು ಬಿಂದುಶ್ರೀ ಆಗಲೇ ಮನಸ್ಸು ಕೊಟ್ಟು ಕೂತಿದ್ದಾಳೆ, ಅಪ್ಪನ ಮೊಬೈಲು ಹಿಡಿದುಕೊಂಡು ಹಿತ್ತಲಿಗೆ ಹೋಗಿ ಅಷ್ಟು ಹೊತ್ತು ಪಿಸುಗುಡುವುದು ಮೇಷ್ಟ್ರ ಹತ್ತಿರ ಪಾಠ ಹೇಳಿಸಿಕೊಳ್ಳುವುದಕ್ಕಾ? ಹೋದ ವರ್ಷ ಕುದೇರಿನ ಸಂಬಂಧ ಹೀಗೇ ಎಲೆ ಅಡಿಕೆಯ ತನಕ ಬಂದು ಕೈಬಿಟ್ಟುಹೋಯಿತು, ಜಾತಕ ಕೂಡಲಿಲ್ಲವಂತೆ ಅಂತ ದಲ್ಲಾಳಿ ಚಿಕ್ಕಯ್ಯ ಬಂದು ತಲೆ ಕೆರೆದುಕೊಂಡ, ಮೊದಲು ಕೂಡಿದ್ದ ಜಾತಕ ಆಮೇಲೆ ಹೇಗೆ ಬಿಟ್ಟುಕೊಳ್ಳುತ್ತದೋ, ಯಾರು ಬಾಯಿಬಿಟ್ಟರೋ, ಆ ಕೂಸು ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದು ಇವಳಿಗೆ ಗೊತ್ತು. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆ ಅಂತ ಜನ ಸಲೀಸಾಗಿ ಹೇಳಿಬಿಡುತ್ತಾರೆ. ಇದೂ ತಪ್ಪಿದರೆ ಆ ಹುಡುಗಿಯ ಮುಖ ನೋಡುವುದು ಹೇಗೆ, ಮೂಲೆಗೆ ಬಿದ್ದ ತಾಯಿಗೆ ಗಂಜಿ ಕುಡಿಸಿ, ವಾಂತಿ ಬಳಿದು, ಹೇಳ್ಬುಡವ್ವ, ಗೊತ್ತಾದ್ರೆ ಆಗ್ಲಿ, ನೀ ಏನ್ ಕಳ್ತನ ಮಾಡಿದ್ದೀಯ ಅಂದ ಹುಡುಗಿ ಅದು.

ಹೇಳುವುದಂತೆ, ಹೇಳಿದವರೆಲ್ಲ ಉದ್ಧಾರವಾಗಿಬಿಟ್ಟರು! ಗಂಡ ಕುಮಾರಸ್ವಾಮಿಯೇ ಅವತ್ತು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ನೋಡು, ಊರಲ್ಲಿ ಕೊಳ್ಳೇಗಾಲಕ್ಕೆ ನಿನ್ನ ತಂಗಿ ಬಾಣಂತನಕ್ಕೆ ಹೋಗಿದ್ದೀಯ ಅಂತೀನಿ, ನೀನೂ ಅದನ್ನೇ ಅನ್ನು, ಮಗಳು ಬೆಳೆದವಳೆ ಅಂದ, ಗಂಡ ಅಂದದ್ದೂ ಸರಿಯೇ, ಬಾಣಂತನದ ಸುಳ್ಳು ನಿಂತಿತು, ಆದರೆ ಔಷಧಕ್ಕೆ ತಲೆಗೂದಲು ಪೂರಾ ಉದುರಿ ಊರಿಗೆ ಬರುವಾಗ ಅದಕ್ಕೇನು ಹೇಳುವುದು — ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟೆ, ಅಂದಳು. ಎಷ್ಟು ಸುಲಭವಾಗಿ ಬಂತು ಆ ಮಾತು. ತಮ್ಮೂರು ಹರವೆಯಲ್ಲಿ ಯಾರೂ ಇನ್ನೊಂದು ಕೇಳಲಿಲ್ಲ, ಹರಕೆ ಹೊತ್ತವಳ ಬೋಳುತಲೆಗೆ ಕೈಮುಗಿದವರೂ ಇದ್ದರು, ಕೈ ಮುಗಿಸಿಕೊಂಡಳಲ್ಲ ಇವಳು, ಕೊಡದ ಮುಡಿಗೆ ಪುಣ್ಯ ಕಟ್ಟಿಕೊಂಡಳಲ್ಲ, ಇವತ್ತಿಗೂ ಉಘೇ ಮಾದಪ್ಪ ಅನ್ನುವುದು ಕಿವಿಗೆ ಬಿದ್ದರೆ ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ಕೂದಲು ಈಗ ಹೆಗಲಿಗೆ ಬಂದಿದೆ, ಹೆಣ್ಣು ನೋಡಲು ಬಂದ ದಿನ ಪುಟ್ಟಮ್ಮಣ್ಣಿ ಹೆಣ್ಣನ್ನು ನೋಡಿದ್ದಕ್ಕಿಂತ ಹೆಣ್ಣಿನ ತಾಯಿಯನ್ನೇ ಹೆಚ್ಚು ನೋಡಿದಳು, ಯಾಕಕ್ಕಾ ಕೂದ್ಲು ಗಿಡ್ಡ ಅವೆ ಅಂತ ಕೇಳೇಬಿಟ್ಟಳು, ಮುಡಿ ಕೊಟ್ಟಿದ್ದೆ ಕಣಕ್ಕ ಅಂದದ್ದಕ್ಕೆ, ಊಂ, ನಾನೂವೆ ಒಂದ್ಸಲ ಕೊಟ್ಟಿದ್ದೆ, ಅಂದು ಕಾಫಿ ಲೋಟ ಕೆಳಗಿಟ್ಟಳು. ಹಾಗೆ ಯಾಕೆ ಅಂದಳು, ಅದರಲ್ಲೇನೋ ಇತ್ತು, ಕೊಂಕು ಇತ್ತು.

ಮುಂದೆ ಅರಣ್ಯ ಇಲಾಖೆಯ ಜೀಪು ನಿಧಾನವಾಗಿ ಹೋಗುತ್ತಿದೆ, ಗಾರ್ಡು ಕೋಲಿನಿಂದ ರಸ್ತೆ ಬಡಿಯುತ್ತಾ ಗುಂಪಾಗ್ ಬನ್ನಿ ಗುಂಪಾಗ್ ಬನ್ನಿ ಅನ್ನುತ್ತಾನೆ, ತಿರುವಿನಲ್ಲಿ ಆನೆಲದ್ದಿ ಇನ್ನೂ ಹಬೆಯಾಡುತ್ತಿದೆ, ಅದರ ಫೋಟೋ ತೆಗೆಯುತ್ತಾರಲ್ಲಪ್ಪ ಈ ಮೈಸೂರಿನವರು. ಕಾಯಿಲೆಗೂ ನಡಿಗೆಗೂ ಏನು ಸಂಬಂಧ, ಇಷ್ಟು ಜನ ಗೋಪಾಲಸ್ವಾಮಿ ಬೆಟ್ಟ ಹತ್ತಿದರೆ ಅದ್ಯಾರೋ ದಾನಿಗಳು ದುಡ್ಡು ಕೊಡುತ್ತಾರಂತೆ, ಅದು ಕ್ಯಾನ್ಸರಿನ ಸಂಶೋಧನೆಗೆ ಹೋಗುತ್ತದಂತೆ, ಹಾಗಂತ ಗುಂಡ್ಲುಪೇಟೆ ಕಾಲೇಜಿನ ಶಿವರಂಜಿನಿ ಮೇಡಂ ಸ್ತ್ರೀಶಕ್ತಿ ಸಂಘಕ್ಕೆ ಬಂದು ಹೇಳಿದಾಗ ಎಲ್ಲರೂ ತಲೆಯಾಡಿಸಿದರು, ಕೊಡುವವರು ಮನೆಯಲ್ಲಿ ಕೂತೇ ಕೊಡಬಹುದಲ್ಲ, ನಮ್ಮನ್ನು ಯಾಕೆ ಹತ್ತಿಸುತ್ತಾರೆ, ಯಾರು ಏದುಸಿರು ಬಿಡುತ್ತಾರೆ, ಯಾರು ಕೂತುಬಿಡುತ್ತಾರೆ ಅಂತ ನೋಡುವುದಕ್ಕಾ, ಮೈಸೂರಿನಿಂದ ಬರುವ ಡಾಕ್ಟರುಗಳ ಕಣ್ಣು ಸುಮ್ಮನೆ ಇರುತ್ತದಾ? ಬರುವುದಿಲ್ಲ ಅನ್ನಬಹುದಿತ್ತು, ಪಕ್ಕದ ಮನೆ ಮಂಚಮ್ಮ ಬಿಡಬೇಕಲ್ಲ, ನಮ್ಮೂರಿಂದ ಟೆಂಪೋನೇ ಬತ್ತದೆ, ನೀನ್ಯಾಕಮ್ಮಿ ಬರಾಕಿಲ್ಲ, ನಿಂಗೇನಾಗದೆ, ಅಂದಳು, ನಿಂಗೇನಾಗದೆ ಅಂದಮೇಲೆ ಹೊರಡದೆ ಗತಿಯುಂಟೇ. ಹಿಂದಿನ ದಿನ ಪುಟ್ಟಮ್ಮಣ್ಣಿಯ ಫೋನು ಬಂತು, ನೀವ್ ಓಯ್ತಾ ಇದ್ದೀರಂತೆ, ನಾನೂವೆ ಬತ್ತೀನಿ, ಜೊತೇಲಿ ನಡ್ಕಂಡು ಓಗನ, ಅಂತ. ಇವಳು ಹೋಗುವುದು ಅವಳಿಗೆ ಹೇಗೆ ಗೊತ್ತು, ಬಿಂದು ಮೇಷ್ಟ್ರಿಗೆ ಹೇಳಿರಬೇಕು, ಅಥವಾ ಬೇಕಂತಲೇ ವಿಚಾರಿಸಿಕೊಂಡಳೋ, ಆ ಗಟ್ಟಿಗಿತ್ತಿಯನ್ನು ನಂಬುವ ಹಾಗಿಲ್ಲ.

ಈಗ ಹಿಂದೆ ಬರುತ್ತಿದ್ದಾಳೆ, ಪಕ್ಕದಲ್ಲಿ ಬಾರಕ್ಕ ಅಂದರೂ ಹಿಂದೆಯೇ, ಇನ್ನೊಂದು ಕಾಳು ಉರುಳಿತು, ಲಂಗದ ಕಟ್ಟು ದಾಟಿತು, ಕಾಲಿಗುಂಟ ಇಳಿಯಿತು, ರಸ್ತೆಗೆ ಬಿದ್ದಿತೇ? ಬಿದ್ದರೆ ಕಪ್ಪು ಡಾಂಬರಿನ ಮೇಲೆ ಕಪ್ಪು ಕಾಳು ಯಾರಿಗೆ ಕಾಣುತ್ತದೆ, ಹದ್ದಿನ ಕಣ್ಣಿನವಳಿಗೆ ಕಾಣುತ್ತದೆ, ತಿರುಗಿ ನೋಡಿದರೆ ಪುಟ್ಟಮ್ಮಣ್ಣಿ ಬಗ್ಗಿದ್ದಾಳೆ, ನೆಲದಿಂದ ಏನನ್ನೋ ಬೆರಳ ತುದಿಗೆ ಒತ್ತಿ ಎತ್ತುತ್ತಿದ್ದಾಳೆ, ಅಯ್ಯೋ ಶಿವನೇ. ಏನಕ್ಕಾ ಅದು ಅಂದರೆ, ಏನಿಲ್ಲ ಬುಡಿ, ಚಪ್ಲಿಗೆ ಕಲ್ಲು ಸಿಕ್ಕಂತು, ನಡೀರಿ ನಡೀರಿ ಅಂದಳು. ಚಪ್ಪಲಿಗೆ ಸಿಕ್ಕ ಕಲ್ಲನ್ನು ಯಾರಾದರೂ ಬೆರಳ ತುದಿಯಲ್ಲಿಟ್ಟುಕೊಂಡು ನೋಡುತ್ತಾರಾ? ಎದೆ ಹೊಡೆದುಕೊಂಡಿತು, ಆ ಸದ್ದಿಗೇ ಚೀಲ ಅಲುಗಿ ಇನ್ನೆರಡು ಕಾಳು ಜಾರಿದ ಹಾಗೆ. ಬಲಗೈ ಸೆರಗನ್ನು ಬಿಡುವ ಹಾಗಿಲ್ಲ, ಅದಕ್ಕೆ ನೀರಿನ ಬಾಟಲಿ ಬುತ್ತಿ ತುಂಬಿದ ಕೈಚೀಲವನ್ನು ಎಡಗೈಗೆ ತೆಗೆದುಕೊಂಡಿದ್ದಾಳೆ, ಭಾರ ಹೊರಬಾರದ ಕೈ ಅದು, ಆಪರೇಷನ್ ಆದಾಗಿಂದ ಸ್ವಲ್ಪ ಹೆಚ್ಚು ಕೆಲಸ ಮಾಡಿದರೂ ಬಾತುಕೊಳ್ಳುತ್ತದೆ, ಈಗಲೂ ಮುಂಗೈಯಲ್ಲಿ ಬಳೆ ಅದುಮುತ್ತಿದೆ, ಅದುಮಲಿ, ಕೈ ಸರಿಯಿದ್ದವರ ಹಾಗೆ ಕಾಣಬೇಕಷ್ಟೆ. ಅಷ್ಟರಲ್ಲಿ ಪುಟ್ಟಮ್ಮಣ್ಣಿ ದಾಪುಗಾಲು ಹಾಕಿ ಬಂದು, ಎಡಗೈಲಿ ಹೊರಬ್ಯಾಡಿ ಬುಡಕ್ಕ, ಇತ್ತಾಗ್ ಕೊಡಿ, ಅಂತ ಚೀಲ ಕಿತ್ತುಕೊಂಡೇಬಿಟ್ಟಳು. ಎಡಗೈಲಿ ಅಂದಳು! ಕೈಯಲ್ಲಿ ಅನ್ನಲಿಲ್ಲ, ಎಡಗೈಯಲ್ಲಿ. ಗೊತ್ತಾಗಿದೆ, ಎಲ್ಲ ಗೊತ್ತಾಗಿದೆ, ಗೊತ್ತಿಟ್ಟುಕೊಂಡೇ ಆಡಿಸುತ್ತಿದ್ದಾಳೆ, ಎಂಥ ಹೆಂಗಸಪ್ಪ, ಬೇಡ ಅನ್ನುವುದಾದರೆ ಮನೆಯಲ್ಲೇ ಅನ್ನಬಾರದಿತ್ತೇ, ಬೆಟ್ಟ ಹತ್ತಿಸಿ ಅನ್ನಬೇಕೇ. ತಿರುವು ದಾಟಿದ ಮೇಲೆ ಪುಟ್ಟಮ್ಮಣ್ಣಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಮ್ಯಾಲಕ್ಕೋದ್ಮೇಲೆ ನಿಮಗೊಂದು ಮಾತು ಹೇಳದದೆ ಕಣಕ್ಕ, ನಿಶ್ಚಿತಾರ್ಥಕ್ಕೆ ಮುಂಚೆ ಹೇಳ್ಬುಡಬೇಕು, ಅಂದಳು, ಇವಳ ಮುಖ ನೋಡದೆ.

ಆಯಿತಲ್ಲ, ಮುಗಿಯಿತಲ್ಲ. ಏನು ಹೇಳುತ್ತಾಳೋ ಗೊತ್ತಿರುವ ವಿಷಯವೇ, ಇಂಥದ್ದಿರುವ ಮನೆಯಿಂದ ಹೆಣ್ಣು ಎಂಗ್ ತರಾದು ಅನ್ನುತ್ತಾಳೆ, ಅಂದರೆ ಇವಳೇನನ್ನಬೇಕು, ಯಾವನು ಹೇಳಿದ್ದು, ಕರೆದುಕೊಂಡು ಬನ್ನಿ ಅಂತ ಬಾಯಿ ಮಾಡಬೇಕು, ಇಲ್ಲದಿದ್ದರೆ ಕಾಲು ಹಿಡಿಯಬೇಕು, ನನಗೆ ಬಂದದ್ದು ನನಗೇ ಹೋಗ್ಲಿ ಕಣಕ್ಕ, ನನ್ನ ಮಗಳು ಏನ್ಮಾಡಿದ್ದಾಳೆ ಅನ್ನಬೇಕು, ಹಿಡಿಯುತ್ತಾಳೆ, ಮಗಳಿಗಾಗಿ ಹಿಡಿದರೆ ಏನು ಹೋಗುತ್ತದೆ, ಹಾಳು ಮಂಜು, ಎದುರಿಗಿದ್ದ ಮರವೂ ಕಾಣುತ್ತಿಲ್ಲ, ಗಾಳಿಗೆ ಕಿವಿ ಜುಮ್ಮೆನ್ನುತ್ತದೆ, ಬಿಂದು ಈಗ ಮನೆಯಲ್ಲಿ ಏನು ಮಾಡುತ್ತಿರಬಹುದು, ನಿಶ್ಚಿತಾರ್ಥದ ಹಸಿರು ಸೀರೆಗೆ ಫಾಲ್ ಹೊಲಿಯುತ್ತಿರಬಹುದು, ಹೊಲಿಯಬೇಡ ಕಣವ್ವ, ಬಿಡು. ದೇವಸ್ಥಾನದ ಗೋಪುರ ಕಂಡಿತು, ಮೆಟ್ಟಿಲು ಕಂಡಿತು, ಜನ ಹುಲ್ಲಿನ ಮೇಲೆ ಸುಸ್ತಾಗಿ ಕೂತರು, ಗುರುಮಲ್ಲಮ್ಮ ಬೇಕಂತಲೇ ಗುಂಪಿನೊಳಗೆ ನುಗ್ಗಿ, ಪುಟ್ಟಮ್ಮಣ್ಣಿಯನ್ನು ತಪ್ಪಿಸಿ, ಮಂಚಮ್ಮನ ದಪ್ಪ ಬೆನ್ನಿನ ಹಿಂದೆ ಕುಕ್ಕರುಗಾಲಲ್ಲಿ ಕೂತಳು. ಮಾತು ಆಡುವುದಿದ್ದರೆ ಹುಡುಕಿಕೊಂಡು ಬರಲಿ.

ಶಿವರಂಜಿನಿ ಮೇಡಂ ಕೈಮೈಕು ಹಿಡಿದು ಏನೋ ಹೇಳುತ್ತಿದ್ದಾರೆ, ಎಲ್ಲರಿಗೂ ವಂದನೆ, ದಾನಿಗಳಿಗೆ ವಂದನೆ, ಇಲಾಖೆಗೆ ವಂದನೆ, ಆಮೇಲೆ, ಈ ಕಾಯಿಲೆ ಗೆದ್ದು ಬಂದವರು ನಮ್ಮ ನಡುವೆ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ಬಲವಂತವಿಲ್ಲ, ನಿಮ್ಮ ಮುಖ ನೋಡಿದರೆ ಇನ್ನೊಬ್ಬರಿಗೆ ಧೈರ್ಯ ಬರುತ್ತದೆ, ಅಂದರು. ಓಹೋ, ಇದಕ್ಕೇ ಕರೆದದ್ದು, ಹಿಡಿಯುವುದಕ್ಕೇ ಕರೆದದ್ದು, ಯಾರ ಕಣ್ಣು ಇವಳ ಕಡೆ ತಿರುಗಿತು, ಪಿನ್ನು ಚುಚ್ಚಿದ ಹುಡುಗಿಯದಾ, ತಲೆ ತಗ್ಗಿಸಿ ಹುಲ್ಲು ಕಿತ್ತಳು, ಒಂದು ಹಿಡಿ ಕಿತ್ತಳು, ಯಾರೂ ಏಳಲಿಲ್ಲ, ಯಾರಾದರೂ ಏಳುತ್ತಾರಾ, ಹುಚ್ಚೇ — ಮುಂದಿನ ಸಾಲಿನಲ್ಲಿ ಒಂದು ಹೆಂಗಸು ಎದ್ದು ನಿಂತಳು, ಇವಳ ಕೈಚೀಲ ಅವಳ ಬಲಗೈಯಲ್ಲಿತ್ತು, ಅದನ್ನು ಜೋಪಾನವಾಗಿ ಕೆಳಗಿಟ್ಟು, ಮೇಡಂ ಪಕ್ಕದ ಬಂಡೆ ಹತ್ತಿದಳು. ಪುಟ್ಟಮ್ಮಣ್ಣಿ. ಮೈಕು ಹಿಡಿಯಲು ಬರದೆ ಗಲ್ಲಕ್ಕೆ ತಾಗಿಸಿಕೊಂಡಳು, ನಂಗೂ ಇದು ಬಂದಿತ್ತು ಕಣ್ರವ್ವ, ನಮ್ ರಘು ಚಿಕ್ಕೋನಿದ್ದಾಗ, ನಮ್ಮನೆಯೋರು ಬುಟ್ರೆ ಯಾರ್ಗೂ ಹೇಳಿರ್ನಿಲ್ಲ, ಈಗ ಸೊಸೆ ತತ್ತಾ ಇವ್ನಿ, ಹೆಣ್ಣು ಕೊಡೋರಿಗೆ ಮುಚ್ಚಿಟ್ಟು ಶಾಸ್ತ್ರ ಮಾಡದು ಸರಿಯಲ್ಲ ಅಂತ ಮನ್ಸು ಕಡೀತಿತ್ತು, ಅದ್ಕೇ ಎದ್ದಿವ್ನಿ, ಅವರೂ ಇಲ್ಲೇ ಅವ್ರೆ, ಕೇಳಿಸ್ಕಳ್ಳಿ ಅಂತವ, ಅಂದಳು, ಅಂದು ಅಂಗೈಯನ್ನು ಹಣೆಗೆ ಅಡ್ಡ ಹಿಡಿದು ಜನರೊಳಗೆ ಯಾರನ್ನೋ ಹುಡುಕಿದಳು.

ಮೈಸೂರಿನವರು ಚಪ್ಪಾಳೆ ತಟ್ಟಿದರು, ನಮ್ಮವರು ಮೂಗಿನ ಮೇಲೆ ಬೆರಳಿಟ್ಟರು. ಅವಳು ಹೇಳಬೇಕಿದ್ದ ಮಾತು ಇದಾ, ತನ್ನ ಮಾತಾ, ಇವಳದಲ್ಲವಾ, ದಾರಿಯುದ್ದಕ್ಕೂ ಅವಳ ಎದೆಯೂ ಹೀಗೇ ಹೊಡೆದುಕೊಳ್ಳುತ್ತಿತ್ತಾ, ಎಡಗೈಯ ಸಂಗತಿ ಅವಳಿಗೆ ಗೊತ್ತಾದದ್ದು ಯಾರೋ ಹೇಳಿ ಅಲ್ಲ, ಅವಳ ಕೈಯೂ ಬಾತುಕೊಂಡ ಕೈಯೇ, ಗೊತ್ತಿದ್ದೂ ಇವಳ ಗುಟ್ಟು ಬಿಡದೆ ತನ್ನದನ್ನು ಮಾತ್ರ — ಮಂಚಮ್ಮ ಪೂರಾ ತಿರುಗಿ ಕೂತು ತೊಡೆ ತಿವಿದಳು, ಅಯ್ಯೋ, ನಿನ್ ಮಗಳ ಕೊಡದು ಆ ಮನೆಗೇ ಅಲ್ವೇನಮ್ಮಿ? ಕೊಟ್ಟೀಯಾ ಇನ್ನ? ಅಂದಳು, ಮಂಚಮ್ಮನ ಕಣ್ಣು ಮುಖದ ಮೇಲೇ ನಿಂತಿತ್ತು, ಹೂಂ ಅನ್ನಬೇಕು, ಕೊಡ್ತೀನಿ ಅಂದರೆ ಯಾಕೆ ಅನ್ನುತ್ತಾಳೆ, ಅಂಥದ್ದು ಗೊತ್ತಿದ್ದೂ ಕೊಡುವವರು ಯಾರು, ತಮ್ಮಲ್ಲೂ ಏನೋ ಇದ್ದವರು ಕೊಡುತ್ತಾರೆ ಅನ್ನುತ್ತಾಳೆ, ಊರಿಗೆಲ್ಲ ಅನ್ನುತ್ತಾಳೆ, ಬಾಯಿ ತಾನಾಗಿ ತೆರೆಯಿತು, ಅಂತಾ ರೋಗದ ಮನೆಗೆ ಎಂಗ್ ಕೊಡಾದು ಮಂಚಕ್ಕ, ಬ್ಯಾಡ ಬುಡು, ಅಂತ ಹೇಳಿತು.

ಹೇಳಿದ್ದು ಯಾರು? ತಾನೇ. ಚಪ್ಪಾಳೆ ಯಾವಾಗ ನಿಂತಿತು? ಕೊಡಾಕಿಲ್ವಂತೆ ಅಂತ ಮಂಚಮ್ಮ ಪಕ್ಕದವಳಿಗೆ ಅಂದಳು, ಕೊಡಾಕಿಲ್ವಂತೆ ಅಂತ ಅವಳು ಮುಂದಿನವಳಿಗೆ ಅಂದಳು, ಹಿಡಿಯಬೇಕು ಆ ಮಾತನ್ನು, ಎದ್ದು ಓಡಿ ಹಿಡಿಯಬೇಕು, ನನಗೂ ಬಂದಿತ್ತು ಕಣ್ರೋ ಅಂತ ಕಿರುಚಬೇಕು, ಬಿಂದು, ನನ್ನ ಕಂದ, ಎದ್ದೇಳು ಗುರುಮಲ್ಲಮ್ಮ ಎದ್ದೇಳು, ಕೈ ಇನ್ನೂ ಸೆರಗನ್ನೇ ಒತ್ತಿ ಹಿಡಿದಿದೆ, ಮಾತು ಸಾಲಿನಿಂದ ಸಾಲಿಗೆ ಬಂಡೆಯ ಕಡೆಗೆ ಹೋಗುತ್ತಿದೆ, ಅಲ್ಲಿ ಅವಳು ಹಣೆಗೆ ಅಂಗೈ ಅಡ್ಡ ಹಿಡಿದು ಹುಡುಕುತ್ತಿದ್ದಾಳೆ, ಮಂಜು ಒಂದಿಷ್ಟು ಸರಿಯಿತು, ಇನ್ನೂ ಕಂಡಿಲ್ಲ, ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಮಾತು ಇನ್ನೂ ಮುಟ್ಟಿಲ್ಲ, ಕಂಡಿತು, ಅವಳ ಕಣ್ಣಿಗೆ ಇವಳೇ ಕಂಡಳು, ಅವಳು ನಕ್ಕಳು, ಹಣೆಗೆ ಹಿಡಿದ ಅಂಗೈ ಹಾಗೇ ಇದೆ, ನಗುತ್ತಿದ್ದಾಳೆ, ಮಾತು ಮೊದಲ ಸಾಲಿಗೆ ಬಂತು, ಹಣೆಯ ಮೇಲೆ ಅಂಗೈ, ಅವಳು ಇನ್ನೂ ನಗುತ್ತಿದ್ದಾಳೆ —